ಸಸ್ಪೆಂಡ್ ಆದ ಮಗು ಶಾಲೆಗೆ ಮರಳುವಾಗ

ಮಗುವೊಂದನ್ನು ಶಾಲೆಯಿಂದ ಐದು ದಿನ ಹೊರಗಿಡಲು ಕ್ಯಾಲಿಫೋರ್ನಿಯಾದ ಪ್ರಿನ್ಸಿಪಾಲರಿಗೆ ಬೇಕಾಗುವುದು ಒಂದು ಚಿಕ್ಕ ವಿಚಾರಣೆ, ಮನೆಯವರಿಗೊಂದು ಫೋನು, ತುಂಬಿ ಸಹಿ ಹಾಕಿದ ಒಂದು ನಮೂನೆ. ಸಸ್ಪೆನ್ಷನ್ ಒಂದೇ ಬಾರಿಗೆ ಐದು ಶಾಲಾ ದಿನಗಳನ್ನು ದಾಟುವಂತಿಲ್ಲ ಎಂದು ಆ ರಾಜ್ಯದ ಶಿಕ್ಷಣ ಸಂಹಿತೆ ಹೇಳುತ್ತದೆ. ಆರನೆಯ ದಿನಕ್ಕೆ ಸಂಬಂಧಿಸಿ ಕಾಗದದ ಮೇಲೆ ಸಾಮಾನ್ಯವಾಗಿ ಇರುವುದು ಒಂದು ತಾರೀಕು, ಅಷ್ಟೆ.

ಆದರೆ ತೊಡಕೆಲ್ಲ ಆ ಆರನೆಯ ದಿನದಲ್ಲೇ. ಗಣಿತದ ಪಾಠ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಜಗಳದ ವಿಡಿಯೋ ಇಡೀ ಶಾಲೆಯ ಫೋನುಗಳಲ್ಲಿ ಸುತ್ತಿ ಬಂದಿರುತ್ತದೆ. ಪೆಟ್ಟು ತಿಂದ ಹುಡುಗ ಬೆಳಿಗ್ಗೆ ಹೊಟ್ಟೆನೋವು ಎಂದು ಹಾಸಿಗೆ ಬಿಟ್ಟೇಳುವುದಿಲ್ಲ. ದೂರು ಬರೆದುಕೊಟ್ಟ ಮೇಷ್ಟ್ರೇ ಮತ್ತೆ ಆ ಮಗುವಿಗೆ ಪಾಠ ಮಾಡಬೇಕು. ಸಸ್ಪೆಂಡ್ ಆದವನ ಅಮ್ಮ ಕೆಲಸಕ್ಕೆ ರಜೆ ಹಾಕಿ ಸಂಬಳ ಕಳೆದುಕೊಂಡಿರುತ್ತಾಳೆ. ಇವರೆಲ್ಲರ ಕಣ್ಣು ಒಬ್ಬನ ಮೇಲಿರುವಾಗ ಅವನು ಬಾಗಿಲು ತಳ್ಳಿಕೊಂಡು ತರಗತಿಯೊಳಗೆ ಬರಬೇಕು. ಹದಿಮೂರು ವರ್ಷದ ಹುಡುಗ ಹೀಗೆ ಬರುವಾಗ ಒಂದೋ ತಲೆ ತಗ್ಗಿಸಿ ಬರುತ್ತಾನೆ, ಇಲ್ಲವೇ ಎದೆ ಸೆಟೆಸಿ ಬರುತ್ತಾನೆ. ಎರಡನೆಯದಾದರೆ ಮಧ್ಯಾಹ್ನದೊಳಗೆ ಇನ್ನೊಂದು ಜಗಳ ಆಗುವ ಸಾಧ್ಯತೆಯೂ ಜೊತೆಗೇ ಬರುತ್ತದೆ.

ಆ ಬೆಳಿಗ್ಗೆಯನ್ನು ಮೊದಲೇ ಯೋಚಿಸಿ ಹದಗೊಳಿಸುವ ಕೆಲಸವೊಂದಿದೆ. ಅಮೆರಿಕದ ಹಲವು ಶಾಲೆಗಳಲ್ಲಿ ಅದು ರೂಢಿಯಾಗಿದೆ. ಅದನ್ನು ಚೆನ್ನಾಗಿ ಬಲ್ಲವರು ಮಾಡುವಾಗ ಹೊರಗಿನಿಂದ ನೋಡಿದವರಿಗೆ ಏನೂ ನಡೆದಂತೆ ಕಾಣುವುದಿಲ್ಲ. ಈ ಲೇಖನ ಆ ಕಸುಬಿನ ಬಗ್ಗೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1971ರಲ್ಲಿ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಕೆಲವು ವಿದ್ಯಾರ್ಥಿಗಳನ್ನು ವಿಚಾರಣೆಯಿಲ್ಲದೆ ಹತ್ತು ದಿನಗಳವರೆಗೆ ಸಸ್ಪೆಂಡ್ ಮಾಡಿದ್ದರು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1975ರಲ್ಲಿ ‘ಗಾಸ್ ವಿರುದ್ಧ ಲೋಪೆಜ್’ ತೀರ್ಪಾಗಿ ಹೊರಬಂತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಮಗುವಿನ ಮೇಲಿನ ಆರೋಪ ಏನೆಂದು ಹೇಳಬೇಕು, ಅದರ ಮಾತನ್ನೂ ಕೇಳಬೇಕು, ಆಮೇಲೆ ಹೊರಗೆ ಕಳಿಸಬೇಕು ಎಂದು ನ್ಯಾಯಾಲಯ ವಿಧಿಸಿತು. ಹೊರಗೆ ಕಳಿಸುವುದಕ್ಕೆ ಹೀಗೊಂದು ಕ್ರಮ ಬಂತು. ಒಳಗೆ ಕರೆದುಕೊಳ್ಳುವ ಪ್ರಶ್ನೆ ಆ ಮೊಕದ್ದಮೆಯಲ್ಲಿ ಇರಲಿಲ್ಲ. ಮುಂದೆ 1990ರ ದಶಕದಲ್ಲಿ ‘ಜೀರೋ ಟಾಲರೆನ್ಸ್’ ನೀತಿ ಬಂದು, ಬಂದೂಕು ತಂದವರಿಗೆಂದು ಮಾಡಿದ ಕಾಠಿನ್ಯ ಎದುರುತ್ತರ ಕೊಟ್ಟವರವರೆಗೂ ಚಾಚಿತು. ಟೆಕ್ಸಾಸ್‌ನ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಏಳರಿಂದ ಹನ್ನೆರಡನೆಯ ತರಗತಿಯೊಳಗೆ ಸುಮಾರು ಶೇಕಡಾ 60ರಷ್ಟು ಮಕ್ಕಳು ಒಮ್ಮೆಯಾದರೂ ತರಗತಿಯಿಂದಲೋ ಶಾಲೆಯಿಂದಲೋ ಹೊರಗಿಡಲ್ಪಟ್ಟಿದ್ದರು. ಅಂದರೆ ಮರಳಿ ಬರುವುದು ಯಾರೋ ಒಬ್ಬಿಬ್ಬರು ಪೋಕರಿಗಳ ವಿಷಯವಲ್ಲ, ದಿನನಿತ್ಯದ ಸಂಗತಿ. ಕಪ್ಪು ಮಕ್ಕಳ ಪಾಲಿಗಂತೂ ಇದು ಇನ್ನೂ ಹೆಚ್ಚು. ಒಟ್ಟು ವಿದ್ಯಾರ್ಥಿಗಳಲ್ಲಿ ಅವರ ಪಾಲು ಎಷ್ಟೋ, ಸಸ್ಪೆಂಡ್ ಆದವರಲ್ಲಿ ಅದರ ಎರಡು ಪಟ್ಟಿಗೂ ಮೀರಿ ಇರುವುದನ್ನು ಅಲ್ಲಿನ ಸರ್ಕಾರದ ಲೆಕ್ಕವೇ ತೋರಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಓಕ್ಲೆಂಡ್ ನಗರ ಈ ಕಸುಬಿನ ಮುಖ್ಯ ನೆಲೆಗಳಲ್ಲಿ ಒಂದು. 2005ರಲ್ಲಿ ವಕೀಲೆ ಫಾನಿಯಾ ಡೇವಿಸ್ ಅಲ್ಲಿ ರೆಸ್ಟೋರೇಟಿವ್ ಜಸ್ಟಿಸ್ ಸಂಸ್ಥೆಯೊಂದನ್ನು ಕಟ್ಟಿದರು. ಯಾವ ನಿಯಮ ಮುರಿಯಿತು, ಯಾರಿಗೆ ಎಷ್ಟು ಶಿಕ್ಷೆ ಎಂದು ಕೇಳುವ ಬದಲು, ಯಾರಿಗೆ ನೋವಾಯಿತು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು ಕೇಳುವ ನ್ಯಾಯ ಅದು. ವೆಸ್ಟ್ ಓಕ್ಲೆಂಡ್‌ನ ಕೋಲ್ ಮಿಡಲ್ ಸ್ಕೂಲ್‌ನಲ್ಲಿ ಮೊದಲ ಪ್ರಯೋಗ ನಡೆಯಿತು. ಅಲ್ಲಿ ಸಸ್ಪೆನ್ಷನ್‌ಗಳು ಶೇಕಡಾ 87ರಷ್ಟು ಇಳಿದವೆಂದು ಬರ್ಕ್ಲಿಯ ಕಾನೂನು ಶಾಲೆಯ ಸಂಶೋಧಕರು 2010ರಲ್ಲಿ ಬರೆದರು. ಅದು ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದ್ದ, ಬಾಗಿಲು ಹಾಕುವ ಹಂತದಲ್ಲಿದ್ದ ಚಿಕ್ಕ ಶಾಲೆ ಎಂಬುದನ್ನು ಮರೆಯದೆ ಈ ಅಂಕಿಯನ್ನು ಓದಬೇಕು. ಏನೇ ಆಗಲಿ, ಅದೇ ವರ್ಷ ಓಕ್ಲೆಂಡ್‌ನ ಶಾಲಾ ಮಂಡಳಿ ಈ ಪದ್ಧತಿಯನ್ನು ಇಡೀ ಜಿಲ್ಲೆಗೆ ಒಪ್ಪಿಕೊಂಡಿತು. ಅವರ ವ್ಯವಸ್ಥೆಯಲ್ಲಿ ಮೂರು ಹಂತಗಳು: ಎಲ್ಲ ಮಕ್ಕಳಿಗೂ ಸೇರಿದ್ದು ಒಂದು, ಜಗಳವಾದವರಿಗೆ ಇನ್ನೊಂದು, ಸಸ್ಪೆನ್ಷನ್‌ನಿಂದಲೋ ಬಾಲಬಂದೀಖಾನೆಯಿಂದಲೋ ಮರಳುವವರಿಗೆ ಮೂರನೆಯದು. ಈ ಮೂರನೆಯದರಲ್ಲಿ ಮಗುವನ್ನು ಬರಮಾಡಿಕೊಳ್ಳಲು ಕೂರುವ ಕೂಟಕ್ಕೆ ಅವರು ‘ವೆಲ್ಕಮ್ ಸರ್ಕಲ್’ ಎನ್ನುತ್ತಾರೆ.

ಸರ್ಕಲ್ ಎಂದರೆ ದುಂಡಗೆ ಕೂತು ಮಾತಾಡುವುದು. ಇದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದಲ್ಲ. ಕೆನಡಾದ ಯೂಕಾನ್ ಪ್ರದೇಶದ ಟ್ಯಾಗಿಶ್, ಟ್ಲಿಂಗಿಟ್ ಮೂಲನಿವಾಸಿಗಳ ಪದ್ಧತಿಯಿಂದ ಕಲಿತು, ಅಲ್ಲಿನ ನ್ಯಾಯಾಧೀಶ ಬ್ಯಾರಿ ಸ್ಟುವರ್ಟ್ 1990ರ ದಶಕದ ಆರಂಭದಲ್ಲಿ ಅದನ್ನು ಕೋರ್ಟಿನ ಕೆಲಸಕ್ಕೆ ತಂದರು. ಮಿನೆಸೋಟದ ಕೇ ಪ್ರ್ಯಾನಿಸ್ ಅದನ್ನು ಶಾಲೆಗಳಿಗೆ ಹೊಂದುವಂತೆ ಕಲಿಸುತ್ತಾ ಬಂದರು.

ನೋಡಿದವರ ನೆನಪಿನಲ್ಲಿ ಉಳಿಯುವುದು ಸರ್ಕಲ್. ನನಗೆ ಹೆಚ್ಚು ಮೆಚ್ಚುಗೆ ಅದಕ್ಕೂ ಹಿಂದಿನ ದಿನಗಳ ಮೇಲೆ.

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಂಡು ಹೇಳುತ್ತೇನೆ. ಎಂಟನೆಯ ತರಗತಿಯ ಹುಡುಗನೊಬ್ಬ ಊಟದ ಹಾಲ್‌ನಲ್ಲಿ ಸಹಪಾಠಿಯ ಮೂಗಿಗೆ ಗುದ್ದಿದ. ಮೂರು ದಿನ ಸಸ್ಪೆಂಡ್. ಓಕ್ಲೆಂಡ್‌ನಂಥ ಕಡೆ ಈ ಕೆಲಸಕ್ಕೆಂದೇ ಶಾಲೆಯಲ್ಲಿ ಒಬ್ಬರು ಫೆಸಿಲಿಟೇಟರ್ ಇರುತ್ತಾರೆ. ಹುಡುಗ ಗೇಟು ದಾಟುವ ಮುಂಚೆಯೇ ಅವರ ಕೆಲಸ ಶುರುವಾಗುತ್ತದೆ. ಅವರು ಅವನಿಗೆ ಹೇಳುವುದು ಇಷ್ಟೆ: ಶುಕ್ರವಾರ ನೀನು ವಾಪಸ್ ಬರ್ತೀಯ, ಆ ದಿನ ಬಾಗಿಲಲ್ಲಿ ನಾನಿರ್ತೀನಿ, ನಡುವೆ ಒಮ್ಮೆ ನಿಮ್ಮನೆಗೆ ಫೋನ್ ಮಾಡ್ತೀನಿ. ಬುದ್ಧಿವಾದ ಇಲ್ಲ. ಮೂರು ದಿನದ ಪಾಠ, ಹೋಮ್‌ವರ್ಕ್ ಅವನ ಕೈಗೆ ಸೇರುವಂತೆ ನೋಡಿಕೊಳ್ಳುತ್ತಾರೆ. ಎರಡು ದಿನ ಅಥವಾ ಹೆಚ್ಚು ಹೊರಗಿರುವ ಮಗುವಿನ ಕಡೆಯವರು ಕೇಳಿದರೆ ಹೋಮ್‌ವರ್ಕ್ ಕೊಡಲೇಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನಿನಲ್ಲೇ ಇದೆ. ಕೇಳಬಹುದೆಂಬುದು ಮನೆಯವರಿಗೆ ಗೊತ್ತಿರುವುದಿಲ್ಲ, ಅದನ್ನು ತಿಳಿಸುವುದೂ ಫೆಸಿಲಿಟೇಟರ್ ಕೆಲಸ.

ಸರ್ಕಲ್‌ನ ತಯಾರಿಗೆಂದು ಮೊದಲು ಭೇಟಿಯಾಗುವುದು ಪೆಟ್ಟು ತಿಂದವನನ್ನು. ಈ ಅನುಕ್ರಮದಲ್ಲಿ ಎಡವಿದರೆ ಮುಂದಿನದೆಲ್ಲ ಹಾಳು. ಅವನನ್ನು ಒಂಟಿಯಾಗಿ, ಅವನಿಗೆ ಅನುಕೂಲವಾದ ಜಾಗದಲ್ಲಿ ಕೂರಿಸಿ ಕೇಳಬೇಕು: ಶುಕ್ರವಾರ ಅವನು ಬಂದಾಗ ನಿನಗೆ ಎಲ್ಲಿ ಭಯ? ಮಕ್ಕಳು ಇದಕ್ಕೆ ಬಹಳ ನಿಖರವಾಗಿ ಉತ್ತರ ಕೊಡುತ್ತಾರೆ. ಲಾಕರ್ ಹತ್ತಿರ, ಎರಡನೇ ಪಿರಿಯಡ್ ಮುಗಿದು ಮೆಟ್ಟಿಲಿಳಿಯುವಾಗ, ಬಸ್ಸಿನ ಹಿಂದಿನ ಸೀಟಲ್ಲಿ, ಹೀಗೆ. ದೊಡ್ಡವರು ಸುರಕ್ಷತೆ ಎಂದರೆ ಕ್ಯಾಮೆರಾ, ಕಾವಲುಗಾರ ಎಂದುಕೊಳ್ಳುತ್ತಾರೆ, ಮಗುವಿಗೆ ಅದು ಒಂದು ಮೆಟ್ಟಿಲು ಮತ್ತು ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಅಲ್ಲಿ ಯಾವ ಮೇಷ್ಟ್ರು ನಿಲ್ಲುತ್ತಾರೆ ಎಂದು ಹೆಸರು ಹಿಡಿದು ಗೊತ್ತು ಮಾಡುವವರೆಗೆ ಫೆಸಿಲಿಟೇಟರ್ ಎದ್ದು ಹೋಗುವುದಿಲ್ಲ. ಇನ್ನೊಂದು ಮಾತನ್ನೂ ಅವನಿಗೆ ಬಿಡಿಸಿ ಹೇಳಬೇಕು: ಸರ್ಕಲ್‌ಗೆ ನೀನು ಬರಲೇಬೇಕೆಂದಿಲ್ಲ, ಬರಲ್ಲ ಅಂದರೆ ಯಾರೂ ನಿನ್ನನ್ನು ಬಯ್ಯುವುದಿಲ್ಲ. ಅವನು ಬಾರದಿದ್ದರೆ ಅವನ ಮಾತನ್ನು ಅವನು ಒಪ್ಪಿದಷ್ಟೇ, ಒಪ್ಪಿದ ರೀತಿಯಲ್ಲೇ ಬೇರೆಯವರು ಓದುತ್ತಾರೆ.

ಆಮೇಲೆ ಗುದ್ದಿದವನ ಸರದಿ. ‘ಯಾಕೋ ಹೊಡ್ದೆ?’ ಎಂದು ಬಲ್ಲವರು ಕೇಳುವುದಿಲ್ಲ. ಆ ಪ್ರಶ್ನೆಗೆ ಮಗು ಕೊಡುವುದು ಸಮರ್ಥನೆ, ಇಲ್ಲವೇ ಮೌನ. ಏನಾಯ್ತು, ಆಗ ತಲೆಯಲ್ಲಿ ಏನು ಓಡ್ತಿತ್ತು, ಈಗ ಏನನಿಸ್ತಿದೆ, ಇದರಿಂದ ಯಾರಿಗೆಲ್ಲ ತೊಂದರೆಯಾಯ್ತು, ಸರಿ ಮಾಡೋಕೆ ಏನು ಬೇಕು ಎಂದು ಕೇಳುತ್ತಾರೆ. ಈ ಪ್ರಶ್ನೆಗಳ ಕ್ರಮ ಆಸ್ಟ್ರೇಲಿಯಾದ ವಾಗಾ ವಾಗಾ ಊರಿನ ಪೊಲೀಸ್ ಅಧಿಕಾರಿ ಟೆರಿ ಓ’ಕಾನೆಲ್ 1990ರ ದಶಕದಲ್ಲಿ ಬಳಸಿ ಹದಗೊಳಿಸಿದ್ದು. ಈಗ ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಚಿಕ್ಕ ಕಾರ್ಡಿನ ಮೇಲೆ ಅಚ್ಚಾಗಿ ಮೇಷ್ಟ್ರುಗಳ ಜೇಬಿನಲ್ಲಿರುತ್ತದೆ. ಮಾತು ಹೀಗೆ ಸಾಗಿದಾಗ, ಊಟದ ಹಾಲ್‌ಗೆ ಸಂಬಂಧವೇ ಇಲ್ಲದ ಸಂಗತಿಗಳು ಹೊರಬರುತ್ತವೆ. ಮನೆ ಬಾಡಿಗೆ ಕಟ್ಟಲಾಗದೆ ಚಿಕ್ಕಮ್ಮನ ಮನೆಗೆ ಬಂದಿರಬಹುದು, ಓದಲು ಬಾರದ್ದನ್ನು ಮುಚ್ಚಿಡಲು ತರಗತಿಯಲ್ಲಿ ರಂಪ ಮಾಡುತ್ತಿರಬಹುದು. ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಹೆಂಚು ಒಡೆದಿರುವ ಜಾಗ ಇನ್ನೊಂದು. ಮಾಡು ಹತ್ತಿ ನೋಡುವ ಈ ತಾಳ್ಮೆಯನ್ನೇ ನಾನು ಕಸುಬು ಎನ್ನುತ್ತಿರುವುದು. ಹಾಗೆಂದು ಕಾರಣ ಸಿಕ್ಕಿದ ಕೂಡಲೇ ಗುದ್ದಿದ್ದು ಮಾಫಿ ಆಗುವುದಿಲ್ಲ. ಮೂಗಿನ ನೋವು ನೋವೇ.

ಎಲ್ಲ ಪ್ರಕರಣವೂ ಸರ್ಕಲ್‌ಗೆ ತಕ್ಕುದಲ್ಲ. ಹುಡುಗ ‘ಕೊಂದ್ಬಿಡ್ತೀನಿ’ ಎಂದಿದ್ದರೆ ಮೊದಲು ಬೇರೊಂದು ತೂಕ ಆಗಬೇಕು. ವರ್ಜಿನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡ್ಯೂಯಿ ಕಾರ್ನೆಲ್ ಮತ್ತು ಅವರ ತಂಡ ಇದಕ್ಕೊಂದು ಕ್ರಮ ರೂಪಿಸಿದೆ. ಸಿಟ್ಟಿನ ಭರದಲ್ಲಿ ಬಾಯಿಂದ ಬಂದು ಅಲ್ಲೇ ಇಳಿದುಹೋಗುವ ಬೆದರಿಕೆ ಯಾವುದು, ಯೋಜನೆ, ಆಯುಧ, ಗುರಿ ಇರುವ ನಿಜವಾದ ಬೆದರಿಕೆ ಯಾವುದು ಎಂದು ಪ್ರಿನ್ಸಿಪಾಲ್, ಕೌನ್ಸೆಲರ್, ಪೊಲೀಸ್ ಅಧಿಕಾರಿ ಸೇರಿದ ತಂಡ ವಿಂಗಡಿಸುತ್ತದೆ. 2013ರಲ್ಲಿ ವರ್ಜಿನಿಯಾ ತನ್ನ ಸರ್ಕಾರಿ ಶಾಲೆಗಳಿಗೆ ಇಂಥ ತಂಡವನ್ನು ಕಡ್ಡಾಯ ಮಾಡಿತು. ಹಾಗೆಯೇ, ಒಬ್ಬ ಇನ್ನೊಬ್ಬನನ್ನು ತಿಂಗಳುಗಟ್ಟಲೆ ಕಾಡಿಸುತ್ತಿದ್ದ ಪ್ರಕರಣವಾದರೆ ಇಬ್ಬರನ್ನೂ ಎದುರೆದುರು ಕೂರಿಸುವುದು ಕ್ರೌರ್ಯವೇ ಆದೀತು. ಅಲ್ಲಿ ಕ್ಲಾಸ್ ಬದಲಾಯಿಸುವುದು, ದಾರಿ ಬೇರೆ ಮಾಡುವುದು, ಇಬ್ಬರ ಮನೆಯವರೊಡನೆ ಪ್ರತ್ಯೇಕ ಮಾತು. ನುರಿತವರ ಗುರುತು ಸಿಗುವುದು ಇಂಥಲ್ಲಿ: ಸರ್ಕಲ್ ಬೇಡ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಇನ್ನು ಸರ್ಕಲ್. ಕುರ್ಚಿಗಳು ದುಂಡಗೆ, ನಡುವೆ ಮೇಜಿಲ್ಲ. ಮೇಜಿದ್ದರೆ ಪ್ರಿನ್ಸಿಪಾಲರು ಅದರ ಹಿಂದೆ ಹೋಗಿ ಕೂತುಬಿಡುತ್ತಾರೆ! ನಡುವೆ ಒಂದು ಬಟ್ಟೆ, ಅದರ ಮೇಲೆ ಅಲ್ಲಿರುವವರಿಗೆ ಅರ್ಥವಿರುವ ಕೆಲವು ವಸ್ತುಗಳು. ಯಾರು ಬರಬೇಕೆಂದು ಹುಡುಗನನ್ನೂ ಕೇಳಿರುತ್ತಾರೆ: ಅಮ್ಮ, ಅಜ್ಜಿ, ಫುಟ್‌ಬಾಲ್ ಕೋಚ್, ಅವನನ್ನು ಕಂಡರೆ ನಗುವ ಊಟದ ಹಾಲ್‌ನ ಸಿಬ್ಬಂದಿ. ಈ ಕೊನೆಯವರನ್ನು ಕರೆಯಲು ಹೊಳೆಯುವುದು ಅನುಭವಿಗಳಿಗೆ ಮಾತ್ರ. ದೂರು ಕೊಟ್ಟ ಮೇಷ್ಟ್ರು ಇರಲೇಬೇಕು, ಅವರ ಬದಲು ತರಗತಿ ನೋಡಿಕೊಳ್ಳಲು ಯಾರಾದರೂ ಇರಬೇಕು. ಎಷ್ಟೋ ಸರ್ಕಲ್‌ಗಳು ಮುರಿದುಬೀಳುವುದು ಈ ಬದಲಿ ವ್ಯವಸ್ಥೆ ಆಗದೆ, ತತ್ವಶಾಸ್ತ್ರದ ಕೊರತೆಯಿಂದಲ್ಲ.

ಒಂದು ವಸ್ತು ಕೈಯಿಂದ ಕೈಗೆ ಸಾಗುತ್ತದೆ. ಕಲ್ಲಾಗಬಹುದು, ಗರಿಯಾಗಬಹುದು, ಹಳೆಯ ಬೇಸ್‌ಬಾಲ್ ಆಗಬಹುದು. ಅದು ಕೈಯಲ್ಲಿರುವವರು ಮಾತಾಡಬೇಕು, ಉಳಿದವರು ಕೇಳಬೇಕು. ಮಾತು ಬೇಡವಾದರೆ ಮುಂದಕ್ಕೆ ದಾಟಿಸಬಹುದು. ತೀರಾ ಸರಳವಾದ ಉಪಾಯ, ಆದರೆ ಅದರ ಕೆಲಸ ನೋಡಿ: ಪ್ರಿನ್ಸಿಪಾಲರು ನಡುವೆ ಬಾಯಿ ಹಾಕುವಂತಿಲ್ಲ, ಅಮ್ಮ ಮಗನ ಪರವಾಗಿ ಉತ್ತರಿಸುವಂತಿಲ್ಲ, ಹುಡುಗ ಅಣಕಿಸುವಂತಿಲ್ಲ. ತನ್ನ ಸರದಿ ಬರುವವರೆಗೆ ಕಾಯುವಷ್ಟರಲ್ಲಿ ನಾಲಿಗೆಯ ತುದಿಗೆ ಬಂದಿದ್ದ ಮೊದಲ ಉತ್ತರ ಆರಿಹೋಗಿ, ಎರಡನೆಯದು ಮೇಲೆ ಬರುತ್ತದೆ. ಅದು ಸಾಮಾನ್ಯವಾಗಿ ಹೆಚ್ಚು ನಿಜ.

ಮೊದಲ ಸುತ್ತಿನಲ್ಲಿ ಗುದ್ದಿನ ಮಾತೇ ಎತ್ತುವುದಿಲ್ಲ. ಈ ಹುಡುಗನಲ್ಲಿ ನಿಮಗೆ ಏನು ಇಷ್ಟ ಎಂದೋ, ಹೊಸ ಜಾಗಕ್ಕೆ ಹೋದಾಗ ನಿಮ್ಮನ್ನು ಯಾರು ಆದರಿಸಿದ್ದರು ಎಂದೋ ಕೇಳುತ್ತಾರೆ. ಹೊಸಬರಿಗೆ ಇದು ಕಾಲಹರಣದಂತೆ ಕಾಣುತ್ತದೆ, ಹಾರಿಸಿಬಿಡುತ್ತಾರೆ, ಕೆಡುವುದು ಅಲ್ಲೇ. ಮೇಷ್ಟ್ರ ಬಾಯಲ್ಲಿ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದ ಮೇಲಷ್ಟೇ ಹುಡುಗನಿಗೆ ಅದೇ ಮೇಷ್ಟ್ರ ಕಷ್ಟದ ಮಾತು ಕಿವಿಗೆ ಬೀಳುವುದು. ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೇತ್‌ವೇಟ್ 1989ರಲ್ಲಿ ಬರೆದ ಪುಸ್ತಕದ ವಾದವೂ ಇದೇ ಜಾಡಿನದು: ತಪ್ಪಿಗೆ ನಾಚಿಕೆಯಾಗಬೇಕು, ಆದರೆ ನಾಚಿಕೆಪಡಿಸುವವರು ಅವನನ್ನು ತಮ್ಮವನೆಂದು ಬಿಡದೆ ಹಿಡಿದಿರಬೇಕು. ‘ನೀನೊಬ್ಬ ರೌಡಿ’ ಎಂದು ಹಣೆಪಟ್ಟಿ ಹಚ್ಚಿದರೆ ಅವನು ಇನ್ನೊಂದಿಷ್ಟು ರೌಡಿಗಳನ್ನು ಹುಡುಕಿಕೊಂಡು ಹೋಗುತ್ತಾನೆ.

ಕೊನೆಯ ಸುತ್ತು ಒಪ್ಪಂದದ್ದು. ನಮ್ಮ ಶಾಲೆಗಳಲ್ಲಿ ‘ಮುಚ್ಚಳಿಕೆ ಬರೆದುಕೊಡು’ ಎನ್ನುತ್ತೇವಲ್ಲ, ಅದರಲ್ಲಿ ಬರೆಯುವವನು ಒಬ್ಬನೇ. ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ಟಿ.ಸಿ. ಕೊಡಬಹುದು ಎಂದು ಹುಡುಗನೂ ಅಪ್ಪನೂ ರುಜು ಹಾಕುತ್ತಾರೆ, ಶಾಲೆ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಸರ್ಕಲ್‌ನ ಒಪ್ಪಂದದಲ್ಲಿ ಅಲ್ಲಿ ಕೂತ ಎಲ್ಲರ ಹೆಸರೂ ಇರಬೇಕು. ಸಿಟ್ಟು ಏರಿದಾಗ ಹಳದಿ ಕಾರ್ಡ್ ತೋರಿಸಿ ಐದು ನಿಮಿಷ ಹೊರಗೆ ಹೋಗುತ್ತೇನೆಂದು ಹುಡುಗ ಹೇಳಿದರೆ, ಆ ಕಾರ್ಡ್ ಕಂಡಾಗ ಪ್ರಶ್ನೆ ಕೇಳದೆ ಬಿಡುತ್ತೇನೆಂದು ಮೇಷ್ಟ್ರು ಬರೆಯುತ್ತಾರೆ. ಓದುವುದರಲ್ಲಿ ಹಿಂದಿದ್ದಾನೆಂದು ತಿಳಿದರೆ ವಾರಕ್ಕೆ ಎರಡು ದಿನ ಯಾರು, ಎಷ್ಟು ಗಂಟೆಗೆ ಕಲಿಸುತ್ತಾರೆ ಎಂಬುದನ್ನು ಶಾಲೆ ಬರೆಯುತ್ತದೆ. ‘ಚೆನ್ನಾಗಿ ನಡೆದುಕೊಳ್ಳುತ್ತೇನೆ’ ಎಂಬ ವಾಕ್ಯವನ್ನು ಫೆಸಿಲಿಟೇಟರ್ ಒಪ್ಪುವುದಿಲ್ಲ, ಅದನ್ನು ಪರೀಕ್ಷಿಸಲು ಯಾರಿಗೂ ಸಾಧ್ಯವಿಲ್ಲ. ಕ್ಷಮಾಪಣೆಯನ್ನೂ ಪಟ್ಟಿಗೆ ಸೇರಿಸುವುದಿಲ್ಲ. ಅದು ತಾನಾಗಿ ಬಂದರೆ ಸಂತೋಷ. ಹೇಳಿಸಿದ ಸಾರಿ ಇಬ್ಬರಿಗೂ ಅವಮಾನ.

ಅಮ್ಮ ಬಾರದಿದ್ದರೆ? ಬಾರದಿರುವ ಅಮ್ಮಂದಿರು ಬಹಳ, ಪಾಳಿ ಕೆಲಸದವರು, ಇಂಗ್ಲಿಷ್ ಬಾರದವರು, ತಮ್ಮ ಕಾಲದಲ್ಲಿ ಶಾಲೆಯಿಂದ ಅವಮಾನ ತಿಂದವರು. ಕ್ಯಾಲಿಫೋರ್ನಿಯಾದ ಸಂಹಿತೆ ಇಲ್ಲಿ ಗಟ್ಟಿಯಾಗಿದೆ: ಹೆತ್ತವರು ಸಭೆಗೆ ಬರಲಿಲ್ಲವೆಂದು ಮಗುವನ್ನು ದಂಡಿಸುವಂತಿಲ್ಲ, ವಾಪಸ್ ಸೇರಿಸಿಕೊಳ್ಳುವುದನ್ನು ತಡೆಯುವಂತಿಲ್ಲ. ‘ಅಪ್ಪನ್ನ ಕರ್ಕೊಂಡು ಬಂದ್ರೇನೇ ಕ್ಲಾಸಿಗೆ’ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ತೋರೀತು. ಫ್ರೀಮಾಂಟ್, ಸನಿವೇಲ್‌ಗಳಂಥ ಕಡೆ ನೆಲೆಸಿರುವ ಕನ್ನಡದ ತಂದೆತಾಯಂದಿರಿಗೆ ಮಾತ್ರ ನನ್ನದೊಂದು ಕಿವಿಮಾತು. ಮಗನ ಬ್ಯಾಗಿನಲ್ಲಿ ವೇಪ್ (ಇ-ಸಿಗರೇಟು) ಸಿಕ್ಕಿ ಸಸ್ಪೆನ್ಷನ್ ಕಾಗದ ಬಂದಾಗ ನಾಲ್ಕು ಜನರಿಗೆ ಗೊತ್ತಾಗದಂತೆ ಮುಚ್ಚಿಡುವುದೇ ಮನೆಯ ಮೊದಲ ಚಿಂತೆಯಾಗಿಬಿಡಬಹುದು. ಕಾನೂನು ಬಲವಂತ ಮಾಡದಿದ್ದರೂ ಆ ಸಭೆಗೆ ಹೋಗಿ ಕೂರಿ. ಅಲ್ಲಿ ನಿಮ್ಮನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ.

ಶುಕ್ರವಾರ ಬೆಳಿಗ್ಗೆ. ಸರ್ಕಲ್ ಮುಗಿದಿದ್ದರೂ ಹುಡುಗ ಬಾಗಿಲಿನಿಂದ ತರಗತಿಗೆ ನಡೆಯುವ ದಾರಿ ಬಾಕಿ. ಮೊದಲ ಗಂಟೆ ಬಾರಿಸುವ ಸ್ವಲ್ಪ ಮೊದಲು ಬರಲು ಹೇಳಿರುತ್ತಾರೆ, ಪಾಠದ ನಡುವೆ ನುಗ್ಗಿ ಎಲ್ಲರೂ ತಿರುಗಿ ನೋಡುವುದು ತಪ್ಪಲಿ ಎಂದು. ಫೆಸಿಲಿಟೇಟರ್ ಮಾತು ಕೊಟ್ಟಂತೆ ಅಲ್ಲಿ ನಿಂತಿರುತ್ತಾರೆ. ಮೇಷ್ಟ್ರಿಗೆ ಮೊದಲೇ ಹೇಳಿಕೊಟ್ಟಿರುವುದು ಒಂದೇ ವಾಕ್ಯ: ‘ಬಾ, ಪುಸ್ತಕ ತೆಗಿ, 84ನೇ ಪುಟ.’ ‘ಇನ್ಮೇಲಾದ್ರೂ ಸರಿಯಾಗಿರ್ತೀಯಾ?’ ಎಂದು ಎಲ್ಲರೆದುರು ಕೇಳಿದರೆ ಅಷ್ಟು ದಿನದ ಕೆಲಸ ನೀರುಪಾಲು. ತರಗತಿಯ ಉಳಿದ ಮಕ್ಕಳಿಗೂ ಹಿಂದಿನ ದಿನವೇ ಎರಡು ಮಾತು ಹೇಳಿರಬೇಕು: ಅವನು ನಾಳೆ ಬರ್ತಾನೆ, ಆದದ್ದರ ಬಗ್ಗೆ ಮಾತಾಡೋದು ಮುಗಿದಿದೆ, ವಿಡಿಯೋ ಇದ್ದವರು ಅಳಿಸಿ. ಅವನು ಪಾಠದಲ್ಲಿ ಎಲ್ಲಿದ್ದಾನೋ ಅಲ್ಲಿಂದ ಹಿಡಿಯಲು ಪಕ್ಕದಲ್ಲೊಬ್ಬ ಜೊತೆಗಾರ.

ಮುಂದಿನ ವಾರಗಳಲ್ಲಿ ಬಳಸುವ ಒಂದು ಸಾಧನ ಒರೆಗಾನ್‌ನ ಸಂಶೋಧಕರು ರೂಪಿಸಿದ ‘ಚೆಕ್ ಇನ್, ಚೆಕ್ ಔಟ್’. ಹುಡುಗ ಬೆಳಿಗ್ಗೆ ಒಬ್ಬ ಹಿರಿಯರನ್ನು ಕಂಡು ಒಂದು ಕಾರ್ಡ್ ತೆಗೆದುಕೊಳ್ಳುತ್ತಾನೆ. ಪ್ರತಿ ಪಿರಿಯಡ್ ಮುಗಿದಾಗ ಮೇಷ್ಟ್ರು ಅದರಲ್ಲಿ ಸೊನ್ನೆ, ಒಂದು ಅಥವಾ ಎರಡು ಎಂದು ಬರೆಯುತ್ತಾರೆ. ಸಂಜೆ ಅದೇ ಹಿರಿಯರು ಕಾರ್ಡ್ ನೋಡಿ ನಾಲ್ಕು ಮಾತಾಡಿ ಮನೆಗೆ ಕಳಿಸುತ್ತಾರೆ. ಅಂಕಕ್ಕಿಂತ ದೊಡ್ಡ ಪ್ರಯೋಜನವೆಂದರೆ, ದಿನಕ್ಕೆ ಆರೇಳು ಸಲ ದೊಡ್ಡವರೊಬ್ಬರು ಅವನ ಮುಖ ನೋಡಿ ಮಾತಾಡುವುದು. ಮೂರನೇ ಪಿರಿಯಡ್‌ನಲ್ಲೇ ಪದೇ ಪದೇ ಸೊನ್ನೆ ಬಿದ್ದರೆ ಆ ಹೊತ್ತಿನಲ್ಲಿ ಏನಿದೆ ಎಂದು ಹೋಗಿ ನೋಡಬಹುದು. ಕೆಲವು ವಾರಗಳ ನಂತರ ಸರ್ಕಲ್‌ನವರು ಮತ್ತೆ ಸೇರಿ ಒಪ್ಪಂದವನ್ನು ಸಾಲು ಸಾಲಾಗಿ ಓದುತ್ತಾರೆ. ಮಾತು ತಪ್ಪಿದ್ದು ಹುಡುಗನೋ ಶಾಲೆಯೋ ಎಂಬುದು ಅಲ್ಲಿ ಹೊರಬೀಳುತ್ತದೆ. ಎಷ್ಟೋ ಸಲ ಶಾಲೆಯೇ.

ಇದೆಲ್ಲ ಫಲ ಕೊಡುತ್ತದೆಯೇ ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಪಿಟ್ಸ್‌ಬರ್ಗ್‌ನ 44 ಶಾಲೆಗಳಲ್ಲಿ ಅರ್ಧಕ್ಕೆ ಈ ಪದ್ಧತಿ ಕೊಟ್ಟು, ಅರ್ಧಕ್ಕೆ ಕೊಡದೆ ಹೋಲಿಸಿದ ರ‍್ಯಾಂಡ್ ಸಂಸ್ಥೆಯ ವರದಿ 2018ರಲ್ಲಿ ಬಂತು. ಸಸ್ಪೆನ್ಷನ್ ದಿನಗಳು ಇಳಿದವು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದರು. ಆದರೆ ಆರರಿಂದ ಎಂಟನೆಯ ತರಗತಿಯ ಮಕ್ಕಳ ಪರೀಕ್ಷಾ ಫಲ ಕೆಳಗಿಳಿಯಿತು. ನನ್ನ ಊಹೆ, ಸರ್ಕಲ್‌ಗೆ ಕೊಟ್ಟ ಹೊತ್ತನ್ನು ಪಾಠದ ಹೊತ್ತಿನಿಂದಲೇ ಕತ್ತರಿಸಿದರೆ, ಪ್ರತ್ಯೇಕ ಸಿಬ್ಬಂದಿ ಕೊಡದೆ ಮೇಷ್ಟ್ರ ತಲೆಗೇ ಕಟ್ಟಿದರೆ, ಹೀಗಾಗುವುದು ಆಶ್ಚರ್ಯವಲ್ಲ. ಓಕ್ಲೆಂಡ್‌ನಲ್ಲೇ 2019ರಲ್ಲಿ ಬಜೆಟ್ ಕಡಿತದ ಪಟ್ಟಿಯಲ್ಲಿ ಈ ಕಾರ್ಯಕ್ರಮವೂ ಸೇರಿತು, ವಿದ್ಯಾರ್ಥಿಗಳು ವಿರೋಧಿಸಿದರು. ಹಣ ಕಡಿಮೆಯಾದಾಗ ಮೊದಲು ಕಣ್ಣು ಬೀಳುವುದು ಮಾಡಿದ ಕೆಲಸ ಹೊರಗೆ ಕಾಣದವರ ಮೇಲೆ.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವುದನ್ನು ನಿಷೇಧಿಸುತ್ತದೆ, ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೂ ಒಂದು ವಾರ ಕ್ಲಾಸಿಗೆ ಬರಬೇಡ ಎನ್ನುವುದು, ಕಾರಿಡಾರ್‌ನಲ್ಲಿ ನಿಲ್ಲಿಸುವುದು ನಡೆದೇ ಇದೆ. ಅರವತ್ತು ಮಕ್ಕಳ ತರಗತಿಯ ಮೇಷ್ಟ್ರಿಗೆ ಫೆಸಿಲಿಟೇಟರ್ ಎಲ್ಲಿಂದ ಬರಬೇಕು ಎಂದರೆ ಒಪ್ಪತಕ್ಕ ಮಾತೇ. ಆದರೆ ಮೇಲಿನದರಲ್ಲಿ ಖರ್ಚಿಲ್ಲದ ಭಾಗಗಳೂ ಇವೆ: ಪೆಟ್ಟು ತಿಂದವನನ್ನು ಮೊದಲು ಒಬ್ಬನೇ ಕೂರಿಸಿ ಎಲ್ಲಿ ಭಯ ಎಂದು ಕೇಳುವುದು, ಮುಚ್ಚಳಿಕೆಯ ಅದೇ ಹಾಳೆಯ ಕೆಳಗೆ ಶಾಲೆ ಏನು ಮಾಡುತ್ತದೆ ಎಂದು ಹೆಡ್‌ಮಾಸ್ತರರೂ ಎರಡು ಸಾಲು ಬರೆದು ರುಜು ಹಾಕುವುದು, ವಾಪಸ್ ಬಂದ ದಿನ ಪುಟದ ಸಂಖ್ಯೆಯೊಂದನ್ನು ಬಿಟ್ಟು ಬೇರೇನನ್ನೂ ಹೇಳದಿರುವುದು.